ಸಹಾಯ ಬೇಕು: ಮೇಲೆ ಐಸ್ ಕಟ್ಟುತ್ತದೆ, ಕೆಳಗೆ ತಂಪೇ ಇಲ್ಲ

ನಮ್ಮದು ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್. ಫ್ರೀಜರ್ ಸರಿಯಿದೆ, ಕೆಳಗಿಟ್ಟ ಹಾಲು ಮಾತ್ರ ಸಂಜೆಯೊಳಗೆ ಒಡೆಯುತ್ತದೆ. ರಿಪೇರಿಗೆ ಬಂದವರು ಗ್ಯಾಸ್ ತುಂಬಿಸಬೇಕು ಎಂದರು. ನನಗೆ ನಂಬಿಕೆ ಬರಲಿಲ್ಲ. ಫ್ರೀಜರಿನ ಹಿಂಬದಿಯ ಹಲಗೆ ಬಿಚ್ಚಿದರೆ ತಂಪು ಮಾಡುವ ಕೊಳವೆ (ಕಾಯಿಲ್) ಕಾಣದಷ್ಟು ಬಿಳಿ ಹಿಮ ಮೇಲಿಂದ ಕೆಳಗಿನವರೆಗೆ ಗಟ್ಟಿಯಾಗಿ ಕೂತಿತ್ತು. ಗ್ಯಾಸ್ ಹೋಗಿದ್ದರೆ ಇಷ್ಟು ಹಿಮ ಎಲ್ಲಿಂದ ಬರಬೇಕು? ಪ್ಲಗ್ ತೆಗೆದು ಮಲ್ಟಿಮೀಟರ್ ಹಿಡಿದು ನೋಡಿದೆ. ಈ ಹಿಮವನ್ನು ಆಗಾಗ ಕರಗಿಸುವ ಡಿಫ್ರಾಸ್ಟ್ ಹೀಟರ್ ಚೆನ್ನಾಗಿದೆ. ಚಳಿಯಲ್ಲಿ ಕೂಡಿಕೊಂಡು ಆ ಹೀಟರಿಗೆ ಕರೆಂಟ್ ಬಿಡುವ ಸ್ವಿಚ್, ಅಂದರೆ ಬೈಮೆಟಲ್, ಹಿಮದಲ್ಲಿ ಹುದುಗಿದ್ದರೂ ಸಂಪರ್ಕ ತೋರಿಸಲಿಲ್ಲ. ಅಷ್ಟು ಚಳಿಯಲ್ಲಿ ಅದು ಕೂಡಿಕೊಂಡಿರಬೇಕಿತ್ತು, ಹಾಗಾಗಿ ಅದೇ ಕೆಟ್ಟಿದೆ ಎನಿಸುತ್ತದೆ.

ಬೈಮೆಟಲ್ ಒಂದನ್ನೇ ಬದಲಿಸಿದರೆ ಸಾಕೇ, ಜೊತೆಗಿರುವ ಥರ್ಮಲ್ ಫ್ಯೂಸನ್ನೂ (ಅತಿಯಾಗಿ ಬಿಸಿಯಾದರೆ ಕರೆಂಟ್ ಕಡಿಯುವ ಫ್ಯೂಸ್) ಹೊಸದು ಹಾಕಿಸಬೇಕೇ? ಮೈಸೂರಿನಲ್ಲಿ ಬಿಡಿಭಾಗ ಎಲ್ಲಿ ಸಿಗುತ್ತದೆ? ಅಮ್ಮನ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಸದ್ಯ ಪಕ್ಕದ ಮನೆಯವರ ಫ್ರಿಜ್‌ನಲ್ಲಿದೆ. ಬಲ್ಲವರು ದಯವಿಟ್ಟು ಬೇಗ ತಿಳಿಸಿ.