ಫೋರ್ಟ್ ವೈಲ್ಡರ್‌ನೆಸ್‌ನಲ್ಲಿ ಟೆಂಟ್ ಸೈಟು ಸಿಗುತ್ತಿಲ್ಲ, ಇದು ಪಾರ್ಕ್ ಸೌಲಭ್ಯಕ್ಕೋಸ್ಕರ ಬುಕ್ ಮಾಡುವವರ ಕೆಲಸವಾ?

ಹಾಸನ_ಟು_ಅಟ್ಲಾಂಟಾ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಮೊದಲ ವಾರ ಮಕ್ಕಳಿಗೆ ರಜೆ. ನಮ್ಮ ಮನೆಯಿಂದ ನಾಲ್ಕು ಜನ, ತಂಗಿ ಮನೆಯಿಂದ ನಾಲ್ಕು ಜನ, ಒಟ್ಟಿಗೆ ಒರ್ಲ್ಯಾಂಡೋ ಡಿಸ್ನಿ ವರ್ಲ್ಡ್‌ಗೆ ಹೊರಟಿದ್ದೇವೆ. ಹೋಟೆಲ್ ಬೇಡ, ಡಿಸ್ನಿಯದೇ ಕ್ಯಾಂಪ್‌ಗ್ರೌಂಡ್ ಫೋರ್ಟ್ ವೈಲ್ಡರ್‌ನೆಸ್‌ನಲ್ಲಿ ಟೆಂಟ್ ಹಾಕೋಣ ಅಂತ ಆಸೆ. ನಮ್ಮ ಹತ್ತಿರ ಎರಡು ಟೆಂಟ್ ಇವೆ. ಒಂದು ಸೈಟಿನಲ್ಲಿ 10 ಜನ ಇರಬಹುದು ಅಂತ ಓದಿದೆ, ಅಂದರೆ ನಮ್ಮ ಎಂಟೂ ಜನಕ್ಕೆ ಒಂದೇ ಸೈಟು ಸಾಕು.

ಆದರೆ ಯಾವ ದಿನ ಹಾಕಿ ನೋಡಿದರೂ ಟೆಂಟ್ ಸೈಟು ಇಲ್ಲ. ವಿಚಿತ್ರ ಅಂದರೆ ದೊಡ್ಡ ಆರ್‌ವಿಗಳಿಗೆ (ಒಳಗೇ ವಾಸ ಮಾಡುವ ಮನೆಯಂಥ ಗಾಡಿ) ಇರುವ ದುಬಾರಿ ಸೈಟು ನಡುನಡುವೆ ಕಾಣಿಸುತ್ತದೆ. ಅಗ್ಗದ್ದು ಮಾತ್ರ ಮಾಯ. ಆಫೀಸಿನಲ್ಲಿ ಒಬ್ಬರು ಹೇಳಿದರು, ಎಷ್ಟೋ ಜನ ಟೆಂಟ್ ಸೈಟು ಬುಕ್ ಮಾಡಿ ಅಲ್ಲಿಗೆ ಹೋಗುವುದೇ ಇಲ್ಲವಂತೆ, ಪಾರ್ಕಿನ ಸೌಲಭ್ಯಕ್ಕೋಸ್ಕರ ಸುಮ್ನೆ ದುಡ್ಡು ಕಟ್ಟುತ್ತಾರಂತೆ. ಇದು ನಿಜವಾ? ನಿಜವಾದರೆ ನಮ್ಮಂಥವರು ಏನು ಮಾಡಬೇಕು?

ಶಿರಸಿ_ಪಾಪ್‌ಅಪ್ ಉತ್ತರ:

ನಿಜ. ಆದರೆ ಪೂರ್ತಿ ನಿಜ ಅಲ್ಲ. ನಾನು ಜಾಕ್ಸನ್‌ವಿಲ್‌ನಲ್ಲಿರುವುದು, ನಮ್ಮದು ಪಾಪ್‌ಅಪ್ ಟ್ರೇಲರ್, ಕಾರಿನ ಹಿಂದೆ ಎಳೆದು ತಂದು ಟೆಂಟಿನ ಹಾಗೆ ಬಿಚ್ಚಿ ನಿಲ್ಲಿಸುವಂಥದ್ದು. ಅಂದರೆ ಟೆಂಟಿನವರ ಸಾಲಿನಲ್ಲೇ ನಾವೂ ನಿಲ್ಲುವುದು. ಈ ವಿಷಯ ಎತ್ತಿದರೆ ನನ್ನ ಹೆಂಡತಿ ಎದ್ದು ಒಳಗೆ ಹೋಗುತ್ತಾಳೆ, ಅಷ್ಟು ಸಲ ಹೇಳಿದ್ದೇನೆ. ನೀವಾದರೂ ಕೇಳಿ.

ಮೊದಲು ಜಾಗದ ವಿಷಯ. ಫೋರ್ಟ್ ವೈಲ್ಡರ್‌ನೆಸ್ ಶುರುವಾಗಿದ್ದು 1971ರ ನವೆಂಬರ್‌ನಲ್ಲಿ, ಡಿಸ್ನಿ ವರ್ಲ್ಡ್‌ನ ಮೊದಲ ಪಾರ್ಕ್ ಮ್ಯಾಜಿಕ್ ಕಿಂಗ್‌ಡಮ್ ತೆರೆದು ಎರಡು ತಿಂಗಳೂ ಆಗಿರಲಿಲ್ಲ. ಸುಮಾರು 750 ಎಕರೆ ಪೈನ್ ಮತ್ತು ಸೈಪ್ರೆಸ್ ಕಾಡು, ಒಂದು ಬದಿಗೆ ಬೇ ಲೇಕ್. ಆ ಕೆರೆಯಿಂದ ದೋಣಿ ಹತ್ತಿದರೆ ಸೀದಾ ಮ್ಯಾಜಿಕ್ ಕಿಂಗ್‌ಡಮ್ ಬಾಗಿಲು. ಬೆಳಿಗ್ಗೆ ಟೆಂಟಿನಿಂದ ಎದ್ದು ದೋಣಿಯಲ್ಲಿ ಹೋಗುವ ಸುಖ ಯಾವ ಹೋಟೆಲಿನಲ್ಲೂ ಇಲ್ಲ, ಇದು ನನ್ನ ಖಚಿತ ಅಭಿಪ್ರಾಯ. ಸೈಟುಗಳು ಎಂಟು ನೂರರ ಹತ್ತಿರ ಇವೆ. ಆದರೆ ಅವೆಲ್ಲ ಬೇರೆ ಬೇರೆ ದರ್ಜೆ. ಟೆಂಟ್ ಮತ್ತು ಪಾಪ್‌ಅಪ್‌ಗೆ ಅಂತ ಇರುವ ಅಗ್ಗದ ದರ್ಜೆ 1500 ಮತ್ತು 2000ನೇ ಲೂಪಿನಲ್ಲಿ, ಅಂದರೆ ಆ ನಂಬರಿನ ಬೀದಿಗಳಲ್ಲಿ ಮಾತ್ರ. ಮಿಕ್ಕಿದ್ದೆಲ್ಲ ಮುಖ್ಯವಾಗಿ ಆರ್‌ವಿಯವರಿಗೆ. ನಿಮಗೆ ದುಬಾರಿ ಸೈಟು ಕಂಡು ಅಗ್ಗದ್ದು ಕಾಣದೇ ಇರುವುದಕ್ಕೆ ಅರ್ಧ ಕಾರಣ ಇದೇ.

ಇನ್ನು ಸೌಲಭ್ಯ. ಡಿಸ್ನಿಯ ಜಾಗದಲ್ಲಿ ರಾತ್ರಿ ತಂಗುವವರಿಗೆ ಕೆಲವು ವಿಶೇಷ ಇವೆ. ದಿನಾ ಅರ್ಧ ಗಂಟೆ ಮೊದಲೇ ಪಾರ್ಕಿನೊಳಗೆ ಬಿಡುತ್ತಾರೆ. ಪಾರ್ಕಿನಲ್ಲಿ ಕಾರು ನಿಲ್ಲಿಸಲು ದುಡ್ಡಿಲ್ಲ. ಊಟದ ಟೇಬಲ್ ಎಲ್ಲರೂ 60 ದಿನ ಮೊದಲು ಹಿಡಿಯಬಹುದು, ಆದರೆ ತಂಗುವವರು ತಂಗುವ ದಿನ ಶುರುವಾಗುವುದಕ್ಕೆ 60 ದಿನ ಇರುವಾಗ ಒಂದೇ ಸಲಕ್ಕೆ 10 ದಿನದವರೆಗಿನ ಟೇಬಲ್ ಹಿಡಿದುಬಿಡಬಹುದು. ಎಲ್ಲಕ್ಕಿಂತ ಜಾಸ್ತಿ ಬೆಲೆ ಲೈಟ್ನಿಂಗ್ ಲೇನ್‌ಗೆ, ಅದೇ ದುಡ್ಡು ಕೊಟ್ಟು ಕ್ಯೂ ತಪ್ಪಿಸುವ ಪಾಸು. 2024ರ ಜುಲೈನಿಂದ ತಂಗುವವರು ಅದನ್ನು 7 ದಿನ ಮೊದಲು ಕೊಳ್ಳಬಹುದು, ಇಡೀ ವಾಸ್ತವ್ಯಕ್ಕೂ ಸೇರಿಸಿ. ಹೊರಗಿನವರು 3 ದಿನ ಮೊದಲು. ಸ್ಲಿಂಕಿ ಡಾಗ್ ಡ್ಯಾಶ್‌ನಂಥ ರೈಡಿಗೆ ಹೊರಗಿನವರ ಸರದಿ ಬರುವಷ್ಟರಲ್ಲಿ ಒಳ್ಳೆ ಸಮಯ ಎಲ್ಲಾ ಹೋಗಿರುತ್ತದೆ.

ಈಗ ಗಮನಿಸಿ. ಈ ಸೌಲಭ್ಯ ಸಿಗುವುದು ಬುಕಿಂಗಿನಲ್ಲಿ ಹೆಸರಿರುವ ಪ್ರತಿಯೊಬ್ಬರಿಗೂ. ಅಲ್ಲಿ ಮಲಗಿದಿರಾ ಇಲ್ಲವಾ ಅಂತ ಯಾರೂ ಟೆಂಟಿನ ಜಿಪ್ ತೆಗೆದು ನೋಡುವುದಿಲ್ಲ. ಅಗ್ಗದ ಹೋಟೆಲ್ ರೂಮಿನಲ್ಲಿ ನಾಲ್ಕು ಜನರ ಹೆಸರು ಸೇರಿಸಬಹುದು. ಟೆಂಟ್ ಸೈಟಿನಲ್ಲಿ ಹತ್ತು. ಬಾಡಿಗೆ ಮನೆಯಲ್ಲಿ ಇಳಿದ ಎರಡು ಸಂಸಾರಕ್ಕೆ ಲೆಕ್ಕ ಹಾಕಿ ನೋಡಿ, ತಲೆಗೆ ಎಷ್ಟು ಬಿತ್ತು? ಒಂದು ರಾತ್ರಿಗೆ ಬುಕ್ ಮಾಡಿದರೆ ಬರುವ ದಿನ, ಹೊರಡುವ ದಿನ, ಎರಡು ಬೆಳಿಗ್ಗೆಯೂ ಬೇಗ ಪ್ರವೇಶ. ಚೆಕ್‌ಇನ್ ಫೋನಿನಲ್ಲೇ ಆಗುತ್ತದೆ. ಸೈಟು ಆ ರಾತ್ರಿ ಖಾಲಿ ಬಿದ್ದಿರುತ್ತದೆ. ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ಟವೆಲ್ ಹಾಕಿದವನು ಬಸ್ಸನ್ನೇ ಹತ್ತುವುದಿಲ್ಲ.

ಇದು ಹೊಸದಲ್ಲ. 2014ರ ಹೊತ್ತಿಗೆ ಫಾಸ್ಟ್‌ಪಾಸ್ ಪ್ಲಸ್ ಬಂತು, ಅದೂ ಕ್ಯೂ ತಪ್ಪಿಸುವ ಪಾಸೇ, ಆದರೆ ಪುಕ್ಕಟೆ. ತಂಗುವವರಿಗೆ 60 ದಿನ ಮೊದಲು, ಹೊರಗಿನವರಿಗೆ 30 ದಿನ ಮೊದಲು. ಒಂದು ತಿಂಗಳ ಅಂತರ! 2017ರಲ್ಲಿ ಫ್ಲೈಟ್ ಆಫ್ ಪ್ಯಾಸೇಜ್ ರೈಡ್ ಬಂದಮೇಲಂತೂ ಟೆಂಟ್ ಸೈಟನ್ನು ಬರೀ ಪಾಸಿಗೋಸ್ಕರ ಹಿಡಿಯುವುದು ಎಲ್ಲರ ಬಾಯಲ್ಲೂ ಇದ್ದ ಉಪಾಯ. 2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ಪಾರ್ಕ್ ಮುಚ್ಚಿತು, ಆ ಪಾಸು ಮತ್ತೆ ಬರಲೇ ಇಲ್ಲ. ಈಗ 7ಕ್ಕೂ 3ಕ್ಕೂ ನಾಲ್ಕೇ ದಿನದ ಅಂತರ, ಜೊತೆಗೆ ಪಾಸಿಗೂ ಬೇರೆ ದುಡ್ಡು. ಹಾಗಾಗಿ ಹಳೆಯಷ್ಟು ಕಾಟ ಇಲ್ಲ ಅಂತಲೇ ನನಗೆ ಅನ್ನಿಸುವುದು.

ಹಾಗಾದರೆ ಜಾಗ ಎಲ್ಲಿ ಹೋಯಿತು? ಮುಕ್ಕಾಲು ಪಾಲು ನಿಜವಾದ ಕ್ಯಾಂಪಿನವರೇ ತೆಗೆದುಕೊಳ್ಳುತ್ತಾರೆ. ಡಿಸ್ನಿಯಲ್ಲಿ 499 ದಿನ ಮೊದಲೇ ಬುಕ್ ಮಾಡಬಹುದು. ಹ್ಯಾಲೋವೀನ್‌ಗೆ ಸೈಟು ಅಲಂಕಾರ ಮಾಡಿ ಗಾಲ್ಫ್ ಕಾರ್ಟ್‌ಗಳ ಮೆರವಣಿಗೆ ಹೊರಡಿಸುವ ಜನ ಇದ್ದಾರೆ, ಅವರಿಗೆ ಇದು ಜಾತ್ರೆ, ವರ್ಷ ತಪ್ಪಿಸುವುದಿಲ್ಲ. ಚಳಿಗಾಲದಲ್ಲಿ ಉತ್ತರದ ರಾಜ್ಯಗಳಿಂದ ಆರ್‌ವಿ ಓಡಿಸಿಕೊಂಡು ಬರುವ ರಿಟೈರ್ ಆದವರು. ಆಮೇಲೆ ಮಾರ್ಚ್, ಏಪ್ರಿಲ್ ರಜೆ, ಅಂದರೆ ನಿಮ್ಮ ವಾರ. ಇವರ ಮೇಲೆ ನನಗೇನೂ ಸಿಟ್ಟಿಲ್ಲ, ಅವರು ಬಂದು ಬೆಂಕಿ ಹಾಕಿ ಕೂರುತ್ತಾರೆ.

ಸೌಲಭ್ಯಕ್ಕೋಸ್ಕರ ಹಿಡಿಯುವವರು ಒಟ್ಟು ಸೈಟುಗಳಲ್ಲಿ ಸಣ್ಣ ಪಾಲು ಇರಬಹುದು. ಆದರೆ ಅವರು ದುಬಾರಿ ಸೈಟು ಮುಟ್ಟುವುದಿಲ್ಲ. ಅತಿ ಅಗ್ಗದ್ದನ್ನೇ ತೆಗೆದುಕೊಳ್ಳುತ್ತಾರೆ. ಅದೂ ಪಾರ್ಕಿನಲ್ಲಿ ಜನ ತುಂಬಿ ತುಳುಕುವ ವಾರಗಳಲ್ಲೇ, ಯಾಕೆಂದರೆ ಸೌಲಭ್ಯಕ್ಕೆ ಬೆಲೆ ಬರುವುದೇ ಆಗ. ನಲವತ್ತಡಿ ಆರ್‌ವಿ ಇರುವವನಿಗೆ ಇದರಿಂದ ಏನೂ ಆಗುವುದಿಲ್ಲ. ಎರಡು ಟೆಂಟ್ ಇಟ್ಟುಕೊಂಡು ಕಾಯುವ ನಿಮಗೆ ಹೊಡೆತ.

ದೊಡ್ಡ_ಬಳಗ_ಡಲ್ಲಾಸ್ ಉತ್ತರ:

ಶಿರಸಿಯವರೇ, ಟವೆಲ್ ಹಾಕಿದವರಲ್ಲಿ ನಾನೂ ಒಬ್ಬ. ನನ್ನ ಕಡೆಯದನ್ನೂ ಸ್ವಲ್ಪ ಕೇಳಿಸಿಕೊಳ್ಳಿ.

ನಾವು ಒಂಬತ್ತು ಜನ ಹೋಗಿದ್ದೆವು. ಅಪ್ಪ, ಅಮ್ಮ ಮೈಸೂರಿನಿಂದ ಬಂದಿದ್ದರು. ಅಪ್ಪನಿಗೆ ಮಂಡಿ ನೋವು, ನೆಲದ ಮೇಲೆ ಮಲಗಿಸಲು ಆಗುವುದಿಲ್ಲ. ಅಮ್ಮನಿಗೆ ಬೆಳಿಗ್ಗೆ ಅಡುಗೆಮನೆ ಬೇಕೇ ಬೇಕು. ಡಿಸ್ನಿ ಪಕ್ಕದ ಊರು ಕಿಸ್ಸಿಮ್ಮಿಯಲ್ಲಿ ಮನೆ ಬಾಡಿಗೆಗೆ ಹಿಡಿದೆವು. ಡಿಸ್ನಿ ಹೋಟೆಲಿನಲ್ಲಿ ಒಂಬತ್ತು ಜನಕ್ಕೆ ಮೂರು ರೂಮು ಹಿಡಿಯುವ ಶಕ್ತಿ ನನಗಿರಲಿಲ್ಲ. ಕ್ಯಾಂಪ್‌ಸೈಟು ಒಂದು ರಾತ್ರಿಗೆ ಹಿಡಿದೆ. ಅಪ್ಪ ಗಂಟೆಗಟ್ಟಲೆ ಕ್ಯೂನಲ್ಲಿ ನಿಲ್ಲುವುದು ತಪ್ಪಿತು. ನಾನು ಕದ್ದಿಲ್ಲ, ಬೋರ್ಡಿನಲ್ಲಿದ್ದ ರೇಟು ಕೊಟ್ಟಿದ್ದೇನೆ. ಹೋಟೆಲ್ ರೂಮಿಗೆ ದುಡ್ಡು ಕೊಟ್ಟು ರಾತ್ರಿ ನೆಂಟರ ಮನೆಯಲ್ಲಿ ಮಲಗಿದರೆ ಯಾರಾದರೂ ಬೈಯುತ್ತಾರಾ?

ನಿಯಮ ಮಾಡಿದ್ದು ಕಂಪನಿ. ತಪ್ಪು ಅನ್ನಿಸಿದರೆ ಅವರನ್ನು ಕೇಳಿ.

ಶಿರಸಿ_ಪಾಪ್‌ಅಪ್ ಉತ್ತರ:

ಅಪ್ಪನ ಮಂಡಿಯ ಮಾತು ತೆಗೆದಮೇಲೆ ನಾನು ಏನು ಜಗಳ ಆಡಲಿ ಮಾರಾಯ್ರೇ! ನೀವು ಕದ್ದಿದ್ದೀರಿ ಅಂತ ಹೇಳಿಲ್ಲ. ದುಡ್ಡು ಕೊಟ್ಟಿದ್ದೀರಿ, ಸರಿ.

ಆದರೆ ಹೋಟೆಲ್ ರೂಮಿನ ಹೋಲಿಕೆ ಒಪ್ಪುವುದಿಲ್ಲ. ರೂಮು ಸಾವಿರಾರು ಇವೆ, ಒಂದು ತುಂಬಿದರೆ ಪಕ್ಕದ ಹೋಟೆಲ್. ಡಿಸ್ನಿ ವರ್ಲ್ಡ್ ಒಳಗೆ ಟೆಂಟ್ ಹಾಕುವ ಜಾಗ ಇದೊಂದೇ. ಇಲ್ಲಿ ಸಿಗದವನಿಗೆ ಆ ಕಾಡೂ ಇಲ್ಲ, ದೋಣಿಯೂ ಇಲ್ಲ. ಸಂಜೆ ಡಿಸ್ನಿ ಕಾರ್ಟೂನಿನ ಅಳಿಲುಗಳಾದ ಚಿಪ್ ಮತ್ತು ಡೇಲ್ ಜೊತೆ ಬೆಂಕಿ ಸುತ್ತ ಕೂತು ಹಾಡುವುದೂ ಇಲ್ಲ. (ಹಾಡಿಗೆ ಹೊರಗಿನವರೂ ಬರಬಹುದು ಅಂತ ಯಾರಾದರೂ ಹೇಳುವ ಮೊದಲೇ ನಾನೇ ಹೇಳುತ್ತೇನೆ: ಮುಗಿದಮೇಲೆ ನಿದ್ದೆ ಹೋದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಸ್ಸಿಗೆ ಕಾಯಬೇಕು.)

ಕಂಪನಿ ಮನಸ್ಸು ಮಾಡಿದರೆ ಇದು ಕಷ್ಟದ ಕೆಲಸ ಅಲ್ಲ. ಸೈಟಿನಲ್ಲಿ ಟೆಂಟೋ ಟ್ರೇಲರೋ ಕಂಡರೆ ಮಾತ್ರ ಬೇಗ ಪ್ರವೇಶ ಅಂತ ಮಾಡಲಿ. ಅಥವಾ ಜನ ಜಾಸ್ತಿ ಇರುವ ವಾರಗಳಲ್ಲಿ ಟೆಂಟ್ ಲೂಪಿಗೆ ಕನಿಷ್ಠ ಮೂರು ರಾತ್ರಿ ಅಂತ ಇಡಲಿ. ಪಾಸಿಗೋಸ್ಕರ ಬರುವವರು ಒಂದು ರಾತ್ರಿಗಿಂತ ಜಾಸ್ತಿ ದುಡ್ಡು ಹಾಕುವುದಿಲ್ಲ. ಆದರೆ ಖಾಲಿ ಸೈಟಿಗೂ ಪೂರ್ತಿ ಬಾಡಿಗೆ ಬರುತ್ತದೆ. ಕಸ ಗುಡಿಸುವುದೂ ಉಳಿಯಿತು. ಅವರಿಗೇನು ಅವಸರ?

ಇನ್ನೊಂದು ಮಾತು, ಇದು ಸೌಲಭ್ಯದ ಪರವಾಗಿ. ಇದೇ ಸೌಲಭ್ಯದ ಆಸೆಗೆ ಮೊದಲ ಸಲ ಟೆಂಟ್ ಕೊಂಡು ಬರುವ ಸಂಸಾರಗಳನ್ನೂ ನೋಡಿದ್ದೇನೆ. ಕತ್ತಲಲ್ಲಿ ಕಾರಿನ ಲೈಟ್ ಹಾಕಿಕೊಂಡು, ಯಾವ ಕಡ್ಡಿ ಎಲ್ಲಿಗೆ ಅಂತ ಗಂಡ ಹೆಂಡತಿ ಬೈದಾಡಿಕೊಂಡು ಟೆಂಟ್ ನಿಲ್ಲಿಸುತ್ತಾರೆ. ಮರುದಿನ ಅವರ ಮಕ್ಕಳು ನಮ್ಮ ಮಕ್ಕಳ ಜೊತೆ ಸೈಕಲ್ ಹೊಡೆಯುತ್ತಿರುತ್ತಾರೆ. ಅಂಥವರು ಎಷ್ಟು ಜನ ಬಂದರೂ ನನಗೆ ಖುಷಿ.

ಟ್ಯಾಂಪಾ_ಸುಮಕ್ಕ ಉತ್ತರ:

ನೀವಿಬ್ಬರೂ ಜಗಳ ಮುಗಿಸಿ, ಪಾಪ ಆ ಹಾಸನದ ಹುಡುಗ ಕಾಯುತ್ತಿದ್ದಾನೆ.

ತಮ್ಮಾ, ಎರಡು ದಾರಿ ಇದೆ. ಒಂದು, ಬಿಟ್ಟುಹೋದ ಬುಕಿಂಗ್ ಹಿಡಿಯುವುದು. ಜನ ಮೊದಲೇ ಎರಡು ಮೂರು ಕಡೆ ಹಿಡಿದು ಇಟ್ಟಿರುತ್ತಾರೆ, ದುಡ್ಡು ವಾಪಸ್ ಬರುವ ಗಡುವಿನ ಹಿಂದಿನ ದಿನಗಳಲ್ಲಿ ಒಂದೊಂದೇ ಬಿಡುತ್ತಾರೆ. ಆಗ ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ನೋಡು. ಐದು ರಾತ್ರಿ ಒಟ್ಟಿಗೆ ಹುಡುಕಬೇಡ. ಯಾರೋ ಒಬ್ಬರು ನಡುವಿನ ಒಂದು ರಾತ್ರಿ ಹಿಡಿದಿದ್ದರೂ ಐದೂ ಇಲ್ಲ ಅಂತಲೇ ತೋರಿಸುತ್ತದೆ. ಒಂದೊಂದು ರಾತ್ರಿ ಹಾಕಿ ನೋಡಿದರೆ ಯಾವುದು ತುಂಬಿದೆ ಅಂತ ಗೊತ್ತಾಗುತ್ತದೆ. ಭಾನುವಾರದಿಂದ ಗುರುವಾರದ ಒಳಗೆ ನೋಡು, ಶುಕ್ರವಾರ, ಶನಿವಾರ ಬಿಟ್ಟುಬಿಡು.

ಎರಡನೇ ದಾರಿ ರಾಜ್ಯದ ಪಾರ್ಕುಗಳು. ಕ್ಲರ್ಮಾಂಟ್‌ನ ಲೇಕ್ ಲೂಯಿಸಾ ಸ್ಟೇಟ್ ಪಾರ್ಕ್‌ನಿಂದ ಡಿಸ್ನಿಗೆ ಕಾರಿನಲ್ಲಿ ಸುಮಾರು ಅರ್ಧ ಗಂಟೆ. ಅಪಾಪ್ಕಾದ ವೆಕೈವಾ ಸ್ಪ್ರಿಂಗ್ಸ್ ಇನ್ನೂ ಸ್ವಲ್ಪ ದೂರ, ಆದರೆ ಅಲ್ಲಿನ ಚಿಲುಮೆಯ ನೀರಿನಲ್ಲಿ ಮಕ್ಕಳು ಇಳಿದರೆ ಮಿಕ್ಕಿ ಮೌಸನ್ನೇ ಮರೆಯುತ್ತಾರೆ. ಬಾಡಿಗೆ ಡಿಸ್ನಿಯ ಹತ್ತಿರಕ್ಕೂ ಬರುವುದಿಲ್ಲ, ತುಂಬಾ ಕಡಿಮೆ. ಆದರೆ ಒಂದು ಸೈಟಿಗೆ 8 ಜನ ಮಾತ್ರ. ನಿಮಗೆ ಸರಿಯಾಗುತ್ತದೆ. ಡಿಸ್ನಿ ಪಾರ್ಕಿನಲ್ಲಿ ಕಾರು ನಿಲ್ಲಿಸಲು ದಿನಕ್ಕೆ 30 ಡಾಲರ್‌ಗೆ ಕಡಿಮೆ ಇಲ್ಲ, ಅದನ್ನೂ ಲೆಕ್ಕಕ್ಕೆ ಸೇರಿಸಿಕೋ.

ಇಲ್ಲೂ ಒಂದು ಸೌಲಭ್ಯದ ಕಥೆ ಇದೆ, ಕೇಳಿ ನಗಬೇಡಿ. 2024ರಿಂದ ಫ್ಲೋರಿಡಾದಲ್ಲಿ ಇರುವವರು ಸ್ಟೇಟ್ ಪಾರ್ಕ್ ಸೈಟನ್ನು 11 ತಿಂಗಳು ಮೊದಲು ಹಿಡಿಯಬಹುದು, ಹೊರ ರಾಜ್ಯದವರು 10 ತಿಂಗಳು ಮೊದಲು. ಆ ಒಂದು ತಿಂಗಳಲ್ಲಿ ಒಳ್ಳೆ ವಾರಾಂತ್ಯಗಳೆಲ್ಲ ನಮ್ಮಂಥವರ ಪಾಲು. ನನಗಂತೂ ಇದು ನ್ಯಾಯ ಅನ್ನಿಸುತ್ತದೆ. ಜಾರ್ಜಿಯಾದವರಿಗೆ ಏನನ್ನಿಸುತ್ತದೋ!

ಶಿರಸಿ_ಪಾಪ್‌ಅಪ್ ಉತ್ತರ:

ಸುಮಕ್ಕಾ, ಅದರಲ್ಲಿ ನನಗೂ ಲಾಭ ಇದೆ, ಹಾಗಾಗಿ ಬಾಯಿ ಮುಚ್ಚಿಕೊಂಡಿದ್ದೆ. ಆದರೆ ಅದು ಬೇರೆ. ಅಲ್ಲಿ ಮೊದಲು ಬುಕ್ ಮಾಡಿದವನು ಟೆಂಟ್ ಹಾಕುವುದಕ್ಕೇ ಬುಕ್ ಮಾಡಿರುತ್ತಾನೆ.

ಹಾಸನ_ಟು_ಅಟ್ಲಾಂಟಾ ಉತ್ತರ:

ಎಲ್ಲರಿಗೂ ಥ್ಯಾಂಕ್ಸ್. ಸುಮಕ್ಕ ಹೇಳಿದ ಹಾಗೆ ಒಂದೊಂದೇ ರಾತ್ರಿ ಹಾಕಿ ನೋಡಿದೆ. ನಡುವೆ ಬುಧವಾರ ಮಾತ್ರ ತುಂಬಿದೆ! ಸೋಮವಾರ, ಮಂಗಳವಾರ ಟೆಂಟ್ ಸೈಟು ಸಿಕ್ಕಿತು, ಹಿಡಿದುಬಿಟ್ಟೆ. ಬುಧವಾರದಿಂದ ಎರಡು ರಾತ್ರಿ ಲೇಕ್ ಲೂಯಿಸಾ ನೋಡುತ್ತಿದ್ದೇನೆ. ತಂಗಿಗೆ ಟೆಂಟ್ ಎರಡು ಸಲ ಬಿಚ್ಚಿ ಕಟ್ಟಬೇಕು ಅಂತ ಇನ್ನೂ ಹೇಳಿಲ್ಲ.

ದೊಡ್ಡ ಬಳಗದ ಅಣ್ಣ, ಬುಧವಾರ ಹಿಡಿದವರು ನೀವೇ ಅಲ್ವಲ್ಲ?

ದೊಡ್ಡ_ಬಳಗ_ಡಲ್ಲಾಸ್ ಉತ್ತರ:

ಅಯ್ಯೋ ಇಲ್ಲಪ್ಪಾ, ಈ ವರ್ಷ ನಾವು ಊರಿಗೆ ಹೋಗುತ್ತಿದ್ದೇವೆ.

ಶಿರಸಿ_ಪಾಪ್‌ಅಪ್ ಉತ್ತರ:

ಹಾಸನದವರೇ, ಮಂಗಳವಾರ ಮಲಗುವ ಮುಂಚೆ ಮತ್ತೊಮ್ಮೆ ಬುಧವಾರ ಹಾಕಿ ನೋಡಿ, ಬಿಟ್ಟಿದ್ದರೂ ಬಿಟ್ಟಿರುತ್ತಾರೆ. ಸೈಟಿನಲ್ಲಿ ಕರೆಂಟು, ನೀರು ಎರಡೂ ಇದೆ, ಉದ್ದದ ಎಕ್ಸ್‌ಟೆನ್ಷನ್ ವಯರ್ ಮತ್ತು ಒಂದು ಟೇಬಲ್ ಫ್ಯಾನ್ ತನ್ನಿ. ಏಪ್ರಿಲ್‌ನಲ್ಲೇ ಸೆಕೆ ಶುರುವಾಗುತ್ತದೆ. ಸ್ನಾನದ ಮನೆ, ಬಟ್ಟೆ ಒಗೆಯುವ ಮೆಷಿನ್ ಹತ್ತಿರದಲ್ಲೇ ಇವೆ. ಪುಳಿಯೋಗರೆ ಕಲಸಿಟ್ಟರೆ ಡಬ್ಬಿ ಕಾರಿನೊಳಗೆ ಇಡಿ, ಹೊರಗಿಟ್ಟರೆ ಅಳಿಲು ಬಿಡುವುದಿಲ್ಲ.