ಮಧ್ಯಯುಗದ ಸ್ಪ್ಯಾನಿಷ್ ಕತೆಗಳಲ್ಲಿ ಗಟ್ಟಿಗಿತ್ತಿಯರೇ ಇಲ್ವಾ?

ಪುಸ್ತಕದಹುಳ:
ಎಲ್ ಸಿದ್ ಅನ್ನೋ ಯೋಧನ ಕತೆ ಹೇಳುವ ಹಳೇ ಸ್ಪ್ಯಾನಿಷ್ ಕಾವ್ಯ ಈಗಷ್ಟೇ ಓದಿ ಮುಗಿಸಿದೆ. ಯುದ್ಧ, ರಾಜಕೀಯ ಎಲ್ಲ ಸೊಗಸಾಗಿದೆ. ಆದರೆ ಸಿದ್‌ನ ಹೆಂಡತಿ ಹಿಮೆನಾ ಮಠದಲ್ಲಿ ಪ್ರಾರ್ಥನೆ ಮಾಡುತ್ತಾ ಕಾಯುತ್ತಾಳೆ, ಅಷ್ಟೇ. ಮಗಳಂದಿರನ್ನು ಅವರ ಗಂಡಂದಿರೇ ಕೊರ್ಪೆಸ್ ಕಾಡಿನಲ್ಲಿ ಹೊಡೆದು ಬಿಟ್ಟು ಹೋಗುತ್ತಾರೆ, ಆಮೇಲೆ ನ್ಯಾಯ ಕೇಳುವವನು ಅಪ್ಪ. ತಾವಾಗಿ ಏನಾದರೂ ಮಾಡುವ ಹೆಂಗಸರು ಆ ಕಾಲದ ಬರಹದಲ್ಲಿ ಸಿಗುತ್ತಾರಾ?

ಹಳೇಓಲೆ:
ಫೆರ್ನಾನ್ ಗೊನ್ಸಾಲೆಸ್ ಕಾವ್ಯ ಓದಿ, 13ನೇ ಶತಮಾನದ್ದು. ಕಸ್ತೀಲಿಯಾದ ಕೌಂಟ್, ಅಂದರೆ ಆ ಸೀಮೆಯ ಒಡೆಯ ಫೆರ್ನಾನ್, ಪಕ್ಕದ ನವಾರಾ ರಾಜ್ಯದ ಸೆರೆಯಲ್ಲಿರುತ್ತಾನೆ. ಅಲ್ಲಿನ ರಾಜಕುಮಾರಿ ಸಾಂಚಾ ನೇರ ಸೆರೆಮನೆಗೆ ಹೋಗಿ, ನನ್ನನ್ನು ಮದುವೆ ಆಗುತ್ತೀನಿ ಅಂತ ಮಾತು ಕೊಟ್ಟರೆ ಬಿಡಿಸುತ್ತೇನೆ ಅನ್ನುತ್ತಾಳೆ. ಬಿಡಿಸಿಯೂ ಬಿಡುತ್ತಾಳೆ. ಅವನ ಕಾಲಿಗೆ ಬೇಡಿ, ನಡೆಯೋಕಾಗಲ್ಲ, ಹಾಗಾಗಿ ಇವಳೇ ಬೆನ್ನ ಮೇಲೆ ಹೊತ್ತು ನಡೆಯುತ್ತಾಳೆ! ದಾರಿಯಲ್ಲಿ ಬೇಟೆಗೆ ಬಂದ ಪಾದ್ರಿಯೊಬ್ಬ ಇವರನ್ನು ನೋಡಿ, ನನ್ನ ಜೊತೆ ಮಲಗದಿದ್ದರೆ ಹಿಡಿದು ಕೊಡುತ್ತೇನೆ ಅಂತ ಹೆದರಿಸುತ್ತಾನೆ. ಸಾಂಚಾ ಒಪ್ಪಿದ ಹಾಗೆ ನಟಿಸಿ, ಪಕ್ಕಕ್ಕೆ ಕರೆದುಕೊಂಡು ಹೋಗಿ, ಅವನನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ. ಕೌಂಟ್ ಬೇಡಿ ಎಳೆದುಕೊಂಡು ಬರುತ್ತಾನೆ, ಅಲ್ಲಿಗೆ ಪಾದ್ರಿಯ ಕತೆ ಮುಗಿಯಿತು.

ಮಸಿಕುಡಿಕೆ:
ಸಾಂಚಾ ಜೋರು, ಒಪ್ಪಿದೆ. ಆದರೂ ಅವಳು ಮಾಡಿದ್ದೆಲ್ಲ ನಾಯಕನನ್ನು ಉಳಿಸೋಕೆ ತಾನೇ? ನನ್ನ ಓಟು 'ಸೆಲೆಸ್ತಿನಾ'ಗೆ. ಫೆರ್ನಾಂದೊ ದೆ ರೋಹಾಸ್ ಬರೆದದ್ದು, 1499ರ ಸುಮಾರಿನದು. (ಅದು ಮಧ್ಯಯುಗಕ್ಕೆ ಸೇರುತ್ತಾ ಅಂತ ವಿದ್ವಾಂಸರು ಜಗಳವಾಡಲಿ, ಬಿಡಿ.) ಮುದುಕಿ ಸೆಲೆಸ್ತಿನಾ ಕುಂಟಣಿ, ಹೊಲಿಗೆಯವಳು, ಸುಗಂಧ ಮಾಡುವವಳು, ಸ್ವಲ್ಪ ಮಾಟಗಾತಿ. ಊರಿನ ಗುಟ್ಟೆಲ್ಲ ಅವಳ ಕೈಯಲ್ಲಿ. ಒಳ್ಳೆಯವಳಲ್ಲ, ಆದರೆ ಕತೆ ನಡೆಸುವವಳು ಅವಳೇ, ಕೊನೆಗೆ ಚಿನ್ನದ ಸರದಲ್ಲಿ ಪಾಲು ಕೊಡಲ್ಲ ಅಂದಿದ್ದಕ್ಕೆ ಕೊಲೆ ಆಗುತ್ತಾಳೆ. ನನಗೆ ಅವಳಿಗಿಂತ ಇಷ್ಟ ಅರೆಊಸಾ ಅನ್ನೋ ವೇಶ್ಯೆ. ಒಡತಿಯರ ಮನೆಯಲ್ಲಿ ಬೈಗುಳ ತಿಂದುಕೊಂಡು ಆಳಾಗಿ ಇರೋದಕ್ಕಿಂತ ನನ್ನ ಪುಟ್ಟ ಮನೆಯಲ್ಲಿ ನಾನೇ ಯಜಮಾನಿ ಆಗಿರ್ತೀನಿ ಅಂತ ಊಟಕ್ಕೆ ಕೂತಾಗ ಹೇಳುತ್ತಾಳೆ. 500 ವರ್ಷದ ಹಿಂದಿನ ಮಾತು ಅನ್ನಿಸೋದೇ ಇಲ್ಲ.

ಹಳೇಓಲೆ:
@ಮಸಿಕುಡಿಕೆ ನಾಯಕನಿಗೋಸ್ಕರ ಅಂತೀರಾ? ಮೊದಲು ಮದುವೆಯ ಮಾತು ತಗೊಂಡೇ ತಾನೇ ಬಿಡಿಸಿದ್ದು. ಅದು ವ್ಯವಹಾರ!

ಬೆಟ್ಟದಹಾದಿ:
ಸಿದ್ ಕಾವ್ಯವನ್ನೂ ಇನ್ನೊಮ್ಮೆ ನೋಡಿ. ರಾಜ ಗಡೀಪಾರು ಮಾಡಿದ ಸಿದ್‌ಗೆ ಹೆದರಿ ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ಬೀದಿಗೆ ಬಂದು, ನಿಮಗೆ ಜಾಗ ಕೊಟ್ಟರೆ ರಾಜ ನಮ್ಮ ಆಸ್ತಿ, ಕಣ್ಣು ಎರಡೂ ತೆಗೆಯುತ್ತಾನೆ, ಹೊರಡಿ ಅಂತ ಸಿದ್‌ಗೆ ಮುಖಕ್ಕೆ ಹೇಳುವವಳು ಬುರ್ಗೋಸ್‌ನ 9 ವರ್ಷದ ಹುಡುಗಿ. ಕೊರ್ಪೆಸ್‌ನಲ್ಲೂ ಸಿದ್‌ನ ಮಗಳು ಸೋಲ್ ಸುಮ್ನೆ ಅಳುವುದಿಲ್ಲ. ಹೊಡೆದರೆ ಕಳಂಕ ನಿಮಗೇ, ನಾಳೆ ರಾಜಸಭೆಯಲ್ಲಿ ಇದಕ್ಕೆ ಉತ್ತರ ಕೊಡಬೇಕಾಗುತ್ತದೆ ಅಂತ ಎಚ್ಚರಿಸುತ್ತಾಳೆ. ಮುಂದೆ ತೊಲೇದೊ ಊರಿನಲ್ಲಿ ಸೇರುವ ರಾಜಸಭೆಯಲ್ಲಿ ಆಗುವುದೂ ಅದೇ.

ಪುಸ್ತಕದಹುಳ:
ಸೋಲ್ ಮಾತು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ, ಮತ್ತೆ ನೋಡ್ತೀನಿ. ನಗು ಬರಿಸುವಂಥದ್ದು ಏನಾದರೂ ಇದೆಯಾ?

ಮಸಿಕುಡಿಕೆ:
ಹ್ವಾನ್ ರುಯಿಸ್‌ನ 'ಲಿಬ್ರೊ ದೆ ಬುಯೆನ್ ಆಮೊರ್', 14ನೇ ಶತಮಾನ. ಅದರಲ್ಲಿ ಬೆಟ್ಟದ ಹೆಂಗಸರು ದಾರಿ ಅಡ್ಡಗಟ್ಟಿ ಸುಂಕ ಕೇಳುತ್ತಾರೆ. ಒಬ್ಬಳಂತೂ ಕತೆ ಹೇಳುವ ಪಾದ್ರಿಯನ್ನೇ ಹಗುರ ಚೀಲದ ಹಾಗೆ ಹೆಗಲಿಗೆ ಹಾಕಿಕೊಂಡು ಹೊರಡುತ್ತಾಳೆ. ಕವಿ ಅವರನ್ನು ಗೇಲಿಯೂ ಮಾಡುತ್ತಾನೆ, ಅದನ್ನು ಗಮನದಲ್ಲಿ ಇಟ್ಟುಕೊಂಡೇ ಓದಿ.