‘ನಾಯಕತ್ವ’ಕ್ಕೆ ಹದಿಮೂರನೆಯ ಶತಮಾನದ ಬಾಯಲ್ಲಿ ಯಾವ ಮಾತು?

ಹೊಯ್ಸಳರ ಕಾಲದ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಕಥಾನಾಯಕನಿಗೆ ಹದಿನಾರು ವರ್ಷ. ಊರಿನ ತುರುಗಳನ್ನು ಹೊಡೆದುಕೊಂಡು ಹೋದವರನ್ನು ಬೆನ್ನಟ್ಟುವ ಪ್ರಸಂಗದಲ್ಲಿ ‘ಹುಡುಗನಲ್ಲಿ ನಾಯಕತ್ವದ ಗುಣಗಳು ಎದ್ದು ಕಾಣುತ್ತಿದ್ದವು’ ಎಂದು ಬರೆದುಬಿಟ್ಟೆ. ಮರುದಿನ ಓದಿದರೆ ಶಾಲೆ ಬಿಡುವಾಗ ಕೊಡುವ ನಡತೆ ಪತ್ರದ ವಾಸನೆ. ನಾಯಕನ ನಾಯಕತ್ವ ಎಂಬ ತೊಡಕು ಬೇರೆ.

‘ನಾಯಕ’ ಹಳೆಯ ಪದವೇ. ಹೊಯ್ಸಳರಲ್ಲಿ ದಂಡನಾಯಕರಿದ್ದರು, ಅದೇ ತದ್ಭವವಾಗಿ ದಣ್ಣಾಯಕ ಆಯಿತು. ಆದರೆ ಅದು ಹುದ್ದೆ, ಅರಸ ಕೊಟ್ಟರೆ ಬರುವಂಥದ್ದು. ನನ್ನ ಹುಡುಗನಿಗೆ ಯಾರೂ ಏನೂ ಕೊಟ್ಟಿಲ್ಲ.

ಅಲಂಕಾರಶಾಸ್ತ್ರದ ಕಡೆ ತಿರುಗಿದೆ. ಧನಂಜಯನ ದಶರೂಪಕ ಎಂಬ ಸಂಸ್ಕೃತ ನಾಟ್ಯಗ್ರಂಥ ‘ನೇತಾ’, ಎಂದರೆ ನಾಟಕದ ನಾಯಕ, ಹೇಗಿರಬೇಕೆಂದು ಪಟ್ಟಿ ಕೊಡುತ್ತದೆ: ವಿನಯವಂತ, ತ್ಯಾಗಿ, ದಕ್ಷ, ಮಾತು ಬಲ್ಲವನು ಹೀಗೆ. ಅದರಲ್ಲಿ ‘ಯುವಾ’ ಎಂಬುದೂ ಇದೆ, ಎಳೆತನವೂ ಒಂದು ಅರ್ಹತೆ! ನನಗೆ ಬೇಕಾದದ್ದಕ್ಕೆ ತೀರ ಹತ್ತಿರದ ಪದವೂ ಅಲ್ಲೇ ಸಿಕ್ಕಿತು: ‘ರಕ್ತಲೋಕ’, ಎಂದರೆ ಜನರ ಅನುರಾಗ ಗಳಿಸಿದವನು. ಆದರೆ ಇಂದಿನ ಕನ್ನಡದ ಕಿವಿಗೆ ಅದು ಪತ್ತೇದಾರಿ ಕಾದಂಬರಿಯ ಹೆಸರಿನಂತೆ ಕೇಳಿಸುತ್ತದೆ.

‘ಧುರೀಣ’ದ ಅರ್ಥ ಸೊಗಸಾಗಿದೆ. ಧುರ ಎಂದರೆ ನೊಗ; ನೊಗ ಹೊರಬಲ್ಲವನು ಧುರೀಣ. ಪತ್ರಿಕೆಗಳು ‘ಸಹಕಾರಿ ಧುರೀಣ’ ಎಂದು ಬರೆದು ಬರೆದು ಅದಕ್ಕೆ ಹಾರ, ಶಾಲು ತೊಡಿಸಿವೆ.

ಉಳಿದದ್ದು ‘ಮುಂದಾಳು’. ಇದರ ಮೇಲೆ ನನಗೆ ಪ್ರೀತಿ. ಆಳು ಎಂದರೆ ಹಳಗನ್ನಡದಲ್ಲಿ ಸೇವಕನೂ ಹೌದು, ಯೋಧನೂ ಹೌದು. ಕ್ರಿಯಾಪದವಾದರೆ ‘ದೊರೆತನ ನಡೆಸು’. ಮುಂದಾಳಿನಲ್ಲಿ ಮೊದಲನೆಯದೇ ಇರುವಂತೆ ನನಗೆ ಕೇಳಿಸುತ್ತದೆ: ಆಳುವವನಲ್ಲ, ಮುಂದೆ ನಿಂತ ಆಳು. ವೀರಗಲ್ಲುಗಳಲ್ಲಿ ‘ಕಾದಿ ಸತ್ತ’ನೆಂದು ಬರೆಸಿಕೊಂಡ ಎಷ್ಟೋ ಜನ ಅಂಥವರೇ ಅಲ್ಲವೇ?

ಇಲ್ಲೂ ಒಂದು ಪೇಚು. ನನ್ನ ಹುಡುಗ ಮುಂದೆ ನಿಲ್ಲುವುದೇ ಇಲ್ಲ. ಗಂಡಸರೆಲ್ಲ ಪಂಜು ಹಿಡಿದು ಕೂಗಾಡುತ್ತಾ ಓಡಲು ಹೊರಟಾಗ ಅವನು ಮೊದಲು ಪಂಜುಗಳನ್ನು ಆರಿಸುತ್ತಾನೆ. ಕತ್ತಲಲ್ಲಿ ಒಬ್ಬೊಬ್ಬರ ಭುಜ ಮುಟ್ಟಿ ತಲೆ ಎಣಿಸುತ್ತಾನೆ. ಹಳ್ಳದ ದಾರಿ ಬಲ್ಲ ಮುದಿ ತುರುಕಾರನನ್ನು ಮುಂದೆ ಬಿಟ್ಟು, ಕುಂಟುವವನೊಬ್ಬನ ಜೊತೆ ತಾನು ಕಟ್ಟಕಡೆಯಲ್ಲಿ ಬರುತ್ತಾನೆ. ಇವನನ್ನು ‘ಮುಂದಾಳು’ ಎಂದರೆ ಪದವೇ ನಗುತ್ತದೆ.

ವಾಕ್ಯವನ್ನೇ ತೆಗೆದುಹಾಕಿ, ನಡೆದದ್ದಷ್ಟನ್ನೇ ಹೇಳಿ ಎನ್ನುವಿರೇನೋ. ತೆಗೆದಾಗಿದೆ. ಆದರೆ ಬೆಳಗಾಗುವಾಗ ಆ ತುರುಕಾರ ಮನೆಗೆ ಬಂದು ಹೆಂಡತಿಗೆ ಹುಡುಗನ ಬಗ್ಗೆ ಒಂದು ಮಾತು ಹೇಳಬೇಕು, ಅಲ್ಲಿ ಪದ ಬೇಕೇ ಬೇಕು. ಸದ್ಯಕ್ಕೆ ‘ರಾತ್ರಿಯೆಲ್ಲ ಆ ಕೂಸೇ ಹಿರಿತನ ವಹಿಸಿತು’ ಎಂದು ಬರೆದಿದ್ದೇನೆ. ಇನ್ನೂ ಮೀಸೆ ಮೂಡದವನಿಗೆ ‘ಹಿರಿತನ’ ಎಂದರೆ ನಿಮ್ಮ ಕಿವಿಗೆ ಮೆಚ್ಚುಗೆಯಾಗಿ ಕೇಳುತ್ತದೆಯೇ, ಕುಹಕವಾಗಿಯೇ? ‘ಕೂಸು’ ಇಲ್ಲದಿದ್ದರೆ ಕುಹಕ ತಪ್ಪೀತೇ? ಇದಕ್ಕಿಂತ ಒಳ್ಳೆಯ ಪದ ನಿಮ್ಮ ಹಿರಿಯರ ಮಾತಿನಲ್ಲಿದ್ದರೆ, ಅದನ್ನು ಬಳಸುವ ಸಂದರ್ಭದೊಂದಿಗೆ ದಯವಿಟ್ಟು ತಿಳಿಸಿ.